ಚೀಟಿಯ ಮೇಲೆ ಐದು

ಬ್ಯಾಟರಿಗಳನ್ನು ಪ್ಯಾಂಟಿನ ಜೇಬಿನಲ್ಲೂ ಲೇಸರನ್ನು ಅಂಗಿಯ ಜೇಬಿನಲ್ಲೂ ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದ. ಬ್ಯಾಟರಿಯಿಲ್ಲದಿದ್ದರೆ ಅದು ಬರೀ ಒಂದು ಕರಿಯ ಕೊಳವೆ, ದಪ್ಪ ಪೆನ್ನಿನಷ್ಟೇ ನಿರುಪದ್ರವಿ ಎಂದು ಚೆನ್ನಾಗಿ ಗೊತ್ತಿದ್ದರೂ ಬಸ್ಸು ಕುಲುಕಿದಾಗಲೆಲ್ಲ ಅವನ ಕೈ ತಾನಾಗಿ ಎದೆಯ ಹತ್ತಿರ ಹೋಗಿ, ಬಟ್ಟೆಯ ಮೇಲಿಂದಲೇ ಅದರ ಗುಂಡಿಯನ್ನು ಸವರಿ, ಒತ್ತಿಕೊಂಡಿಲ್ಲವೆಂದು ಖಾತ್ರಿ ಮಾಡಿಕೊಂಡು ತೊಡೆಯ ಮೇಲೆ ಬಂದು ಕೂರುತ್ತಿತ್ತು. ಎದುರು ಸೀಟಿನ ಮುದುಕಿ ಇದನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದಳೆಂದು ತಿಳಿದದ್ದು ಆಕೆ ಮುಂದಕ್ಕೆ ಬಾಗಿ ಮಾತಾಡಿಸಿದಾಗಲೇ. "ಎದೆ ಹಿಡ್ಕೊಂಡಂಗೆ ಆಗ್ತಿದ್ಯೇನಪ್ಪಾ? ಮುಂದಿನ ಸ್ಟಾಪಲ್ಲೇ ಆಸ್ಪತ್ರೆ ಇದೆ, ಇಳ್ಕೋ. ನಮ್ಮನೆಯವರೂ ಹಿಂಗೇ ಏನಿಲ್ಲ ಏನಿಲ್ಲ ಅಂತಿದ್ರು." ಅಕ್ಕಪಕ್ಕದವರು ತಿರುಗಿ ನೋಡಿದರು. ಏನಿಲ್ಲ ಎನ್ನುವುದಕ್ಕೂ ಬಾಯಿ ಬರಲಿಲ್ಲ. ಎಂದರೆ ಅವಳ ಗಂಡ ಆಡಿದ ಮಾತನ್ನೇ ಆಡಿದಂತಾಗುತ್ತದೆ. ಹೂಂ ಎಂದು ತಲೆಯಾಡಿಸಿ, ಇಳಿಯಬೇಕಾದ ಜಾಗಕ್ಕಿಂತ ಮೊದಲೇ ಇಳಿದುಬಿಟ್ಟ. ಬಸ್ಸು ಮುಂದೆ ಹೋಗುವಾಗ ಅವಳು ಕಿಟಕಿಯಿಂದ ಆಸ್ಪತ್ರೆಯ ಗೇಟಿನತ್ತ ಕೈ ತೋರಿಸುತ್ತಿದ್ದಳು. ಅವಳಿಗೆ ಬೇಸರವಾಗದಿರಲೆಂದು ಅವನು ನಾಲ್ಕು ಹೆಜ್ಜೆ ಗೇಟಿನ ಕಡೆಗೇ ನಡೆದ.

ಆವತ್ತು ವಾರದ ರಜೆ. ಅವನು ಗೈಡಾಗಿರುವ ಹಳೆಯ ಬಂಗಲೆಯ ದೊಡ್ಡ ಬಾಗಿಲಿಗೆ ಆ ದಿನ ಬೀಗ. ಕೈಗಡಿಯಾರ ನಿಂತುಹೋಗಿದೆ, ಸರಿ ಮಾಡಿಸಿಕೊಂಡು ಬರುತ್ತೇನೆಂದು ಹೆಂಡತಿಗೆ ಹೇಳಿ ಹೊರಟಿದ್ದ. ಗಡಿಯಾರ ನಿಜವಾಗಿಯೂ ನಿಂತಿತ್ತು, ಹಾಗಾಗಿ ಅದು ಪೂರ್ತಿ ಸುಳ್ಳಲ್ಲ. ಈಚೆಗೆ ಅವನು ಆಡುವ ಸುಳ್ಳುಗಳೆಲ್ಲ ಹೀಗೇ ಇರುತ್ತಿದ್ದವು, ಅರ್ಧ ನಿಜವನ್ನು ಕೈಹಿಡಿದು ನಡೆಸಿಕೊಂಡು ಬರುವಂಥವು. ಬಂಗಲೆಯ ನಡುಮನೆಯ ಛಾವಣಿಯ ತುಂಬ ಚಿತ್ರ: ಬಳ್ಳಿ, ಹಣ್ಣು, ಹಕ್ಕಿಗಳು. ಹಕ್ಕಿಗಳ ಕಣ್ಣಿಗೆ, ಹೂವಿನ ನಡುವಿಗೆ ಉಗುರಿನಷ್ಟಗಲದ ಕನ್ನಡಿಯ ಚೂರುಗಳು. ಕತ್ತೆತ್ತಿದವರಿಗೆ ಎಲ್ಲವೂ ಒಟ್ಟಿಗೆ ಕಂಡು ಯಾವುದೂ ಕಾಣುತ್ತಿರಲಿಲ್ಲ. ಮೊದಮೊದಲು ಅವನು ಉದ್ದನೆಯ ಬಿದಿರುಕೋಲು ಹಿಡಿದು ತೋರಿಸುತ್ತಿದ್ದ. ಕೋಲು ಅರ್ಧ ಎತ್ತರಕ್ಕೂ ಮುಟ್ಟುತ್ತಿರಲಿಲ್ಲ. "ಎಲ್ಲಿ? ಯಾವ್ದು? ಆ ಕೆಂಪುದಾ?" ಎಂದು ಜನ ಕೇಳುತ್ತ, ಕಂಡಿತೆಂದು ಸುಳ್ಳೇ ತಲೆಯಾಡಿಸಿ ಮುಂದಿನ ಕೋಣೆಗೆ ಹೊರಟುಬಿಡುತ್ತಿದ್ದರು. ಮೇಲಧಿಕಾರಿ ಒಮ್ಮೆ ಹೊರಗಿನಿಂದ ಬಂದವರ ಎದುರಿಗೇ, "ನಮ್ಮ ಗೈಡು ಹಣ್ಣು ಉದುರಿಸ್ತಿದಾರೆ, ಯಾರಿಗಾದ್ರೂ ಬೇಕಾದ್ರೆ ಬುಟ್ಟಿ ಹಿಡೀರಿ" ಎಂದಿದ್ದಳು. ಎಲ್ಲರ ಜೊತೆ ಅವನೂ ನಕ್ಕಿದ್ದ. ಆ ವಾರವೇ ಸ್ವಂತ ದುಡ್ಡಿನಲ್ಲಿ ಈ ಲೇಸರು ತಂದದ್ದು.

ಗುಂಡಿ ಒತ್ತಿದ ಮೊದಲ ದಿನದ ಆ ಸುಖವನ್ನು ಈಗ ನೆನೆಯುವುದಕ್ಕೂ ನಾಚಿಕೆಯಾಗುತ್ತದೆ. ಕೈಯಿಂದ ಹೊರಟು ನೇರ ಹಕ್ಕಿಯ ಕೊಕ್ಕಿಗೆ ಹೋಗಿ ಮುಟ್ಟುವ ತೆಳ್ಳನೆಯ ಹಸಿರು ಎಳೆ. ಅಷ್ಟೂ ಜನರ ಕತ್ತು ಒಂದೇ ಸಲ ಆ ಕಡೆ ತಿರುಗಿತ್ತು. ಎಡಕ್ಕೆ ಸರಿಸಿದರೆ ಎಡಕ್ಕೆ, ಬಲಕ್ಕೆ ಸರಿಸಿದರೆ ಬಲಕ್ಕೆ. ಮನೆಯಲ್ಲಿ, ಬೀದಿಯಲ್ಲಿ, ಆಫೀಸಿನಲ್ಲಿ ಎಲ್ಲಿಯೂ ಅವನ ಮಾತಿಗೆ ಯಾರೂ ಹೀಗೆ ಒಟ್ಟಿಗೆ ತಿರುಗಿದ್ದಿಲ್ಲ. ಆಮೇಲೆ ಅವನು ಅಗತ್ಯಕ್ಕಿಂತ ಹೆಚ್ಚು ಹಕ್ಕಿಗಳನ್ನು ತೋರಿಸತೊಡಗಿದ. ಸಂಜೆ ಮನೆಯಲ್ಲಿ ಅದನ್ನು ಮೇಜಿನ ಮೇಲಿಟ್ಟಾಗ ಭಾವಮೈದುನ ಎತ್ತಿ ನೋಡಿ, ಅದರ ಹಳದಿ ಚೀಟಿಯನ್ನು ಕಣ್ಣ ಹತ್ತಿರ ಹಿಡಿದು ಓದಿದ್ದ. "ಐದಕ್ಕಿಂತ ಕಮ್ಮಿ ಅಂತ ಬರೆದಿದೆ ಭಾವ. ಏನು ಐದು?" "ಅದರ ಶಕ್ತಿ. ಐದು ಅಂದ್ರೆ ಏನೂ ಇಲ್ಲ, ಮಕ್ಕಳಾಟ" ಎಂದಿದ್ದ ಅವನು, ತಿಳಿದವನ ಹಾಗೆ.

ಭಾವಮೈದುನನನ್ನು ಬಂಗಲೆಯಲ್ಲಿ ಎಲ್ಲರೂ ಕರೆಯುವುದು ಸುಣ್ಣ ಎಂದು. ತಲೆಗೂದಲಲ್ಲಿ, ಹುಬ್ಬಿನಲ್ಲಿ, ಕಿವಿಯ ಮಡಿಕೆಗಳಲ್ಲಿ ಯಾವಾಗಲೂ ಬಿಳಿಯ ಪುಡಿ. ಛಾವಣಿಯಲ್ಲಿ ಎದ್ದುಬಂದ ಬಣ್ಣವನ್ನು ಹಿಂದಕ್ಕೆ ಅಂಟಿಸುವುದು, ಅಳಿಸಿಹೋದ ಗೆರೆಯನ್ನು ಹಳೆಯದಕ್ಕೆ ಹೊಂದುವಂತೆ ತುಂಬುವುದು ಅವನ ಕೆಲಸ. ಕೆಲಸ ಕೊಡಿಸಿದ್ದು ಭಾವನೇ. ಹೆಂಡತಿ ಅದನ್ನು ಮರೆತಿಲ್ಲ. ಬೇರೆ ಏನಕ್ಕೆ ಜಗಳವಾಡಿದರೂ ಕೊನೆಗೆ "ನನ್ನ ತಮ್ಮನ್ನ ದಾರಿಗೆ ಹಚ್ಚಿದ್ರಿ, ಅದೊಂದಕ್ಕೆ ಸುಮ್ಮನಿದೀನಿ" ಎನ್ನುತ್ತಾಳೆ. ಅಟ್ಟಣೆಯ ಮೇಲೆ ಅಂಗಾತ ಮಲಗಿ ಕುಂಚ ಹಿಡಿದವನಿಗೂ ಕೆಳಗೆ ನಿಂತು ಬೆಳಕು ಹಿಡಿದವನಿಗೂ ನಡುವೆ ಒಂದು ಒಪ್ಪಂದವಾಗಿತ್ತು. ಗುಂಡಿ ಒತ್ತುವ ಮೊದಲು ಇವನು "ಬೆಳಕು" ಎಂದು ಕೂಗಬೇಕು, ಅವನು ಮೇಲಿಂದ "ಹೂಂ" ಎಂದು ಗೋಡೆಯ ಕಡೆ ಮುಖ ತಿರುಗಿಸಿದ ಮೇಲೆಯೇ ಒತ್ತಬೇಕು. ಮಕ್ಕಳಾಟ ಎಂದವನು ಈ ನಿಯಮ ಯಾಕೆ ಮಾಡಿದ ಎಂದು ಯಾರೂ ಕೇಳಿರಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ.

ಆದರೆ ಕೆಲವು ದಿನಗಳ ಹಿಂದೆ ಒಮ್ಮೆ ಅವನು ಕೂಗಲಿಲ್ಲ. ಮರೆತದ್ದಲ್ಲ. ಗುಂಪಿನಲ್ಲಿ ಒಬ್ಬ ಗಟ್ಟಿ ದನಿಯ ಮನುಷ್ಯ, "ಇಷ್ಟು ದೂರ ಬಂದಿದ್ದು ಬರೀ ಮಸಿ ನೋಡೋಕಾ?" ಎಂದು ಕಾಲೆಳೆಯುತ್ತಿದ್ದ, ಪಕ್ಕದ ಹೆಂಗಸು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಅವಳು ನಗುವುದನ್ನು ನಿಲ್ಲಿಸುವಂತೆ ಮಾಡುವುದು ಆ ಗಳಿಗೆಯಲ್ಲಿ ಜಗತ್ತಿನ ಎಲ್ಲಕ್ಕಿಂತ ಮುಖ್ಯವಾಗಿತ್ತು. ಕೂಗಿದರೆ, ಮೇಲಿನ ಹೂಂಗೆ ಕಾದರೆ, ಮಾತಿನ ಓಘ ತಪ್ಪುತ್ತದೆ, ಆ ಮನುಷ್ಯ ಇನ್ನೊಂದು ಚಟಾಕಿ ಹಾರಿಸುತ್ತಾನೆ. ಅಟ್ಟಣೆಯ ಅಂಚಿಗೇ ಇದ್ದ ನವಿಲಿನ ಮೇಲೆ ಬೆಳಕು ಬಿಟ್ಟ. ಕತ್ತುಗಳು ತಿರುಗಿದವು. ನವಿಲಿನ ಗರಿಯ ಕನ್ನಡಿಯೊಂದು ಆ ಬೆಳಕನ್ನು ಹಿಡಿದು ಬೇರೆಲ್ಲಿಗೋ ಎಸೆಯಿತು, ಮೇಲಿನಿಂದ ಭಾವಮೈದುನ "ಅಮ್ಮಾ" ಎಂದ. ಜೋರಾಗಿ ಅಲ್ಲ, ಬಾಗಿಲಿಗೆ ಬೆರಳು ತಾಗಿದಾಗ ಅನ್ನುವಷ್ಟೇ. ಒಂದು ಡಬ್ಬಿ ಉರುಳಿದ ಸದ್ದು. ಹೆಂಗಸು ನಗುವುದನ್ನು ನಿಲ್ಲಿಸಿದ್ದಳು. ಅವನು ನವಿಲಿನ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದ.

ಈಗ ಅವನು ಲೇಸರು ಮಾರಲು ಬಂದ, ದುರ್ಬೀನಿನ ಅಂಗಡಿ ಎಂದು ಜನ ಕರೆಯುವ ಅಂಗಡಿ ಎರಡು ದೊಡ್ಡ ಮಳಿಗೆಗಳ ನಡುವೆ ಒಳಕ್ಕೆ ಉದ್ದವಾಗಿ ಸುರಂಗದಂತಿತ್ತು. ಹಳೆಯ ಕ್ಯಾಮೆರಾ, ದುರ್ಬೀನು, ಭೂತಗನ್ನಡಿ, ಮಸೂರ ಕಳಚಿದ ಕನ್ನಡಕಗಳು. ಅಂಗಡಿಯವನು ಅವನ ವಯಸ್ಸಿನವನೇ, ಮಾತುಗಾರ, ಕೈಗೆ ಬಂದ ವಸ್ತುವನ್ನು ಮಾತಾಡುತ್ತಲೇ ತಿರುಗಿಸಿ ತಿರುಗಿಸಿ ನೋಡುವ ಜಾತಿ. ಲೇಸರನ್ನು ಈಸಿಕೊಂಡು ತುದಿಯ ಗಾಜನ್ನು ಅಂಗಿಯ ಅಂಚಿನಿಂದ ಒರೆಸಿದ. "ಯಾಕೆ ಸಾರ್ ಮಾರ್ತಿದೀರಿ?" ಎಂದ. ಈ ಪ್ರಶ್ನೆ ಬರುತ್ತದೆಂದು ಬಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದ. "ಹೊಸದು ತಗೊಂಡೆ" ಎಂದ. "ಇದಕ್ಕಿಂತ ಒಳ್ಳೇದಾ?" "ಅದೇ ಥರದ್ದು." "ಮತ್ಯಾಕೆ ತಗೊಂಡ್ರಿ?" ಎಂದು ಅಂಗಡಿಯವನು ನಕ್ಕ. ಉತ್ತರ ಅವನಿಗೇನೂ ಬೇಕಿರಲಿಲ್ಲ, ಸುಮ್ಮನೆ ಮಾತಿಗೆ ಮಾತು. ಹಳದಿ ಚೀಟಿಯನ್ನು ಅಂಗಡಿಯವನು ಓದಿ, "ಐದರದ್ದು. ಐದರದ್ದು ನನ್ನ ಹತ್ರ ಬೇಕಾದಷ್ಟಿವೆ. ಬನ್ನಿ, ಒಳಗೆ ಹಾಕಿ ನೋಡೋಣ, ಜೀವ ಇದ್ಯೋ ಇಲ್ವೋ" ಎಂದ.

ಒಳಕೋಣೆಗೆ ಕಿಟಕಿಯಿರಲಿಲ್ಲ. ಗೋಡೆಗೆ ಕರಿಯ ಬಟ್ಟೆ ಹೊದಿಸಿತ್ತು, ಒಂದು ಮೇಜು, ಮೇಲೆ ಬೆಳಕಿನ ಶಕ್ತಿ ಅಳೆಯುವ, ಬೆಂಕಿಪೊಟ್ಟಣದಷ್ಟಿನ ಒಂದು ಮೀಟರು. ಅಂಗಡಿಯವನು ಬಾಗಿಲು ಹಾಕಿ, ಕಿತ್ತಳೆ ಬಣ್ಣದ ಗಾಜಿನ ಕನ್ನಡಕವೊಂದನ್ನು ತಾನು ಹಾಕಿಕೊಂಡು ಇನ್ನೊಂದನ್ನು ಅವನಿಗೆ ಕೊಟ್ಟ. "ಹಾಕ್ಕೊಳ್ಳಿ. ಇದಿಲ್ದೆ ನಾನು ಯಾರ್ನೂ ಒಳಗೆ ಬಿಡಲ್ಲ." ಕನ್ನಡಕದ ಕಡ್ಡಿ ಅವನ ಕಿವಿಯ ಹಿಂದೆ ಸಿಕ್ಕದೆ ಎರಡು ಸಲ ಜಾರಿತು. ಬ್ಯಾಟರಿ ಹಾಕಿ ಗುಂಡಿ ಒತ್ತಿದಾಗ ಅವನಿಗೆ ಏನೂ ಕಾಣಲಿಲ್ಲ. ಅಂಗಡಿಯವನ ಹೆಬ್ಬೆರಳು ಒತ್ತಿಯೇ ಇತ್ತು, ಎದುರಿನ ಗೋಡೆ ಸುಮ್ಮನೆ ಗೋಡೆಯಾಗಿತ್ತು. ಕೆಟ್ಟುಹೋಗಿದೆ ಎಂದುಕೊಂಡ, ಅದು ತಾನಾಗಿ ಸತ್ತಿದೆ ಎನ್ನುವ ಒಂದು ಅರ್ಥವಿಲ್ಲದ ನೆಮ್ಮದಿ ಮೈಯೆಲ್ಲ ಹರಡಿತು. "ಹೊತ್ತಿಲ್ವಾ?" ಎಂದ. "ಹೊತ್ತಿದೆ ಸಾರ್. ಕನ್ನಡಕ ಹಾಕಿದ್ರೆ ಹಸಿರು ಕಾಣಲ್ಲ, ಅದೇ ಅದರ ಕೆಲಸ." ಅಂಗಡಿಯವನು ಅವನನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಒಂದು ಕ್ಷಣ ನೋಡುವಂತೆ ಹೇಳಿದ. ಇಳಿಸಿದ. ಕೋಣೆಯ ಗಾಳಿಯಲ್ಲಿ ತೇಲುವ ಧೂಳೆಲ್ಲ ಒಂದೇ ಗೆರೆಯಲ್ಲಿ ಹಸಿರಾಗಿ ಹೊಳೆಯುತ್ತಿತ್ತು. ಅಷ್ಟು ಚೆಂದ. ಅವನು ತಟ್ಟನೆ ಕನ್ನಡಕ ಏರಿಸಿಕೊಂಡ.

"ಬೊಟ್ಟು ದುಂಡಗಿದೆ, ಮಿನುಗೋದಿಲ್ಲ. ಚೆನ್ನಾಗಿ ಇಟ್ಕೊಂಡಿದೀರಿ" ಎನ್ನುತ್ತ ಅಂಗಡಿಯವನು ಬೆಳಕನ್ನು ಮೀಟರಿನ ಕಣ್ಣಿಗೆ ಹಿಡಿದ. ಮೀಟರಿನ ಅಂಕಿಗಳು ಓಡಿ, ತಡವರಿಸಿ, ಮತ್ತೆ ಏರಿ ನಿಂತವು. ಅಂಗಡಿಯವನು ನಾಲಿಗೆ ಲೊಚ್ಚೆನ್ನಿಸಿದ. ಮೀಟರನ್ನು ಆರಿಸಿ, ಹೊತ್ತಿಸಿ, ಮತ್ತೆ ಹಿಡಿದ. "ತೊಂಬತ್ತು" ಎಂದ. "ಏನು ತೊಂಬತ್ತು?" "ಇದರ ಶಕ್ತಿ ಸಾರ್. ಚೀಟಿ ಮೇಲೆ ಐದು, ಒಳಗೆ ತೊಂಬತ್ತು. ಆಗಾಗ ಸಿಗತ್ತೆ ಇಂಥವು. ಚೀಟಿ ಅಂಟಿಸೋರಿಗೂ ಮಾಡೋರಿಗೂ ಸಂಬಂಧ ಇರಲ್ಲ. ನಿಮ್ಮ ಅದೃಷ್ಟ ನೋಡಿ, ಐದರ ರೇಟಿಗೆ ತಗೊಂಡು ಇಷ್ಟು ದಿನ ತೊಂಬತ್ತು ಉಪಯೋಗಿಸಿದೀರಿ." ಅವನ ಬೆನ್ನು ಚಪ್ಪರಿಸಿದ. ಮೂಲೆಯಿಂದ ಒಂದು ತೆಳ್ಳನೆಯ ಕರಿಯ ಪ್ಲಾಸ್ಟಿಕ್ಕು ತಂದು ಎರಡು ಪುಸ್ತಕಗಳ ನಡುವೆ ಬಿಗಿದು, ಹತ್ತಿರದಿಂದ ಬೆಳಕು ಹಿಡಿದ. ಏನೂ ಆಗಲಿಲ್ಲ, ಆಗಲಿಲ್ಲ, ಆಮೇಲೆ ಪ್ಲಾಸ್ಟಿಕ್ಕಿನ ನಡುವೆ ಸಣ್ಣ ರಂಧ್ರವೊಂದು ತಾನಾಗಿ ಬಾಯಿ ತೆರೆಯಿತು. ಕೋಣೆಯಲ್ಲಿ ಕಮಟು ವಾಸನೆ. "ನೋಡಿದ್ರಾ?" ಎಂದು ಅಂಗಡಿಯವನು, ತನ್ನ ಮಗು ಮೊದಲ ಹೆಜ್ಜೆಯಿಟ್ಟಂತೆ ಸಂಭ್ರಮಪಟ್ಟ.

ಆ ರಂಧ್ರ ಅಷ್ಟೇ ಇತ್ತು, ಸೂಜಿಯ ಮೊನೆಯಷ್ಟು. ಇಷ್ಟೇ ಅಲ್ಲವೇ ಎಂದುಕೊಂಡ. ಇಷ್ಟೇ. ನವಿಲು ತೋರಿಸಿದ ದಿನ ಸಂಜೆ ಮನೆಗೆ ಬಂದ ಭಾವಮೈದುನ ಎಡಗಣ್ಣು ಮುಚ್ಚಿ ತೆರೆದು ಮುಚ್ಚಿ ತೆರೆದು ಮಾಡುತ್ತ, "ಏನೋ ಒಂದು ಬೊಟ್ಟು ಎಲ್ಲಿ ನೋಡಿದ್ರೂ ಮುಂದೆ ಬಂದು ನಿಲ್ಲತ್ತೆ ಭಾವ, ದೀಪ ನೋಡಿದ ಮೇಲೆ ಉಳಿಯತ್ತಲ್ಲ ಹಾಗೆ" ಎಂದಿದ್ದ. ಹೆಂಡತಿ ಡಾಕ್ಟರ ಹತ್ತಿರ ಹೋಗೆಂದಳು. "ದಿನವಿಡೀ ಅಂಗಾತ ಮಲಗಿ ಮೇಲೆ ನೋಡಿದ್ರೆ ಇನ್ನೇನಾಗತ್ತೆ? ನಿದ್ದೆ ಮಾಡ್ಲಿ, ಸರಿಹೋಗತ್ತೆ" ಎಂದವನು ಅವನೇ. ಭಾವಮೈದುನ ಆ ಮಾತನ್ನು ಪ್ರಿಸ್ಕ್ರಿಪ್ಷನ್ನಿನಂತೆ ತೆಗೆದುಕೊಂಡು ಬೇಗ ಮಲಗಿದ. ಐದರದ್ದು ಎಂದು ಎಷ್ಟು ಸಲ ಹೇಳಿಕೊಂಡಿದ್ದ ಅವನು. ಸ್ನಾನ ಮಾಡುವಾಗ, ಬಾಗಿಲ ಚಿಲಕ ಹಾಕುವಾಗ, ಭಾವಮೈದುನ ಚಹಾವನ್ನು ಲೋಟದ ಪಕ್ಕಕ್ಕೆ ಸುರಿದು ಪೆಚ್ಚಾಗಿ ನಕ್ಕಾಗ. ಐದು ಏನೂ ಮಾಡುವುದಿಲ್ಲ. ಚೀಟಿಯಲ್ಲಿ ಹಾಗೆಂದು ಬರೆದಿದೆ. ಈಗ ಆ ಚೀಟಿಯನ್ನು ಅಂಗಡಿಯವನು ಉಗುರಿನಿಂದ ಕೆರೆದು ಕಿತ್ತುಹಾಕುತ್ತಿದ್ದ.

"ಯಾರಿಗೆ ಮಾರ್ತೀರಿ ಇದನ್ನ?" ಎಂದು ಕೇಳಿದ. "ಒಬ್ಬರು ಕೇಳ್ತಾನೇ ಇದಾರೆ. ಮಾಳಿಗೆ ಮೇಲೆ ಪಾರಿವಾಳದ ಕಾಟ ಅಂತೆ. ಐದರದ್ದು ಕೊಟ್ಟೆ, ಪಾರಿವಾಳ ಕ್ಯಾರೇ ಅನ್ಲಿಲ್ಲ. ಇದನ್ನ ಬಿಟ್ರೆ ಮತ್ತೆ ಬರಲ್ಲ ಬಿಡಿ." ಪಾರಿವಾಳದ ಹಿಂದೆ ಕಿಟಕಿಗಳಿರುತ್ತವೆ, ಕಿಟಕಿಯಲ್ಲಿ ಯಾರಾದರೂ ಬಟ್ಟೆ ಒಣಗಿಸುತ್ತಿರುತ್ತಾರೆ. ವಾಪಸು ಕೊಡಿ, ಮಾರುವುದಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತು. ಆದರೆ ಯಾಕೆ ಎಂದು ಕೇಳುತ್ತಾನೆ. ಹೊಸದು ತಗೊಂಡೆ ಎಂದಾಗಿದೆ. ಜೇಬಿನಲ್ಲಿಟ್ಟುಕೊಂಡು ಮತ್ತೆ ಮನೆಗೆ ಒಯ್ಯುವುದಂತೂ ಆಗದ ಮಾತು. "ತಗೊಳ್ಳೋರಿಗೆ ಹೇಳಿ," ಎಂದ ಕೊನೆಗೆ, "ಇದು ಐದಲ್ಲ, ತೊಂಬತ್ತು ಅಂತ. ಮರೀದೇ ಹೇಳಿ." ಅಂಗಡಿಯವನು ಬೆರಗಿನಿಂದ ನೋಡಿದ. "ಹೇಳದೇ ಬಿಡ್ತೀನಾ ಸಾರ್? ಹೇಳಿದ್ರೇ ತಾನೇ ರೇಟು? ಒಳ್ಳೇ ಐಡಿಯಾ ಕೊಟ್ರಿ, ಬರೆದೇ ಅಂಟಿಸ್ತೀನಿ." ಒಂದು ಬಿಳಿಯ ಚೀಟಿ ಹರಿದು, ದಪ್ಪ ಕೆಂಪು ಅಕ್ಷರದಲ್ಲಿ ತೊಂಬತ್ತು ಎಂದು ಬರೆದು, ಊದಿ ಒಣಗಿಸಿ, ಲೇಸರಿಗೆ ಸುತ್ತಿ ಅಂಟಿಸಿದ. ಅವನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚೇ ಹಣ ಕೈಗಿಟ್ಟ. ಚೌಕಾಸಿ ಮಾಡದೆ ತೆಗೆದುಕೊಂಡವನನ್ನು ಅಂಗಡಿಯವನು ಬಾಗಿಲವರೆಗೂ ಬಂದು ಬೀಳ್ಕೊಟ್ಟ. ಹತ್ತು ಹೆಜ್ಜೆ ನಡೆದು ತಿರುಗಿ ನೋಡಿದರೆ ಅದು ಆಗಲೇ ಗಾಜಿನ ಕಪಾಟಿನಲ್ಲಿ, ಎದುರಿಗೇ, ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ನಿಂತಿತ್ತು.

ಮನೆಗೆ ಬಂದಾಗ ಸಂಜೆಯ ಬೆಳಕಿನ್ನೂ ಇತ್ತು. ಬಾಗಿಲು ತೆರೆದಿತ್ತು. ಹೆಂಡತಿ ಯಾರದ್ದೋ ಪ್ಯಾಂಟಿನ ಅಂಚು ಬಿಚ್ಚುತ್ತ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು. ಭಾವಮೈದುನ ಕತ್ತಲ ಮೂಲೆಯಲ್ಲಿ, ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ. "ಗಡಿಯಾರ ಸರಿಯಾಯ್ತಾ?" ಎಂದಳು. ಅವನು ಮಣಿಕಟ್ಟು ನೋಡಿಕೊಂಡ. ಅದು ನಿಂತ ಹೊತ್ತಿನಲ್ಲೇ ನಿಂತಿತ್ತು. "ಅಂಗಡಿ ಮುಚ್ಚಿತ್ತು" ಎಂದ. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ನೀವು ಆ ಕಡೆ ಹೋದ್ರಿ, ನಾನು ಇವನನ್ನ ಎಳ್ಕೊಂಡು ಹೋದೆ ಕಣ್ಣಿನ ಡಾಕ್ಟರ ಹತ್ರ. ಇವತ್ತು ನಾಳೆ ಅಂತ ಎಷ್ಟು ದಿನ ತಳ್ಳೋದು? ಹನಿ ಹಾಕಿ ನೋಡಿದ್ರು. ಕಣ್ಣಿನ ಹಿಂದಿನ ಪರದೆ ಸುಟ್ಟಿದೆಯಂತೆ."

"ಸುಟ್ಟಿದೆಯಾ" ಎಂದ ಅವನು. ಪ್ರಶ್ನೆಯಾಗಿ ಹೊರಡಬೇಕಿದ್ದ ಮಾತು ಹಾಗೆ ಹೊರಡಲಿಲ್ಲ.

"ಸೂರ್ಯನ್ನ ಬರಿಗಣ್ಣಲ್ಲಿ ನೋಡಿದ್ಯಾ, ವೆಲ್ಡಿಂಗ್ ಮಾಡೋ ಕಡೆ ನಿಂತಿದ್ಯಾ ಅಂತ ಏನೇನೋ ಕೇಳಿದ್ರು. ಇವನು ನಗ್ತಾನೆ."

"ನಾನು ನೋಡೋದು ಛಾವಣಿ ಒಂದೇ ಮೇಡಂ, ಸೂರ್ಯ ಅದರಿಂದಾಚೆ ಇರ್ತಾನೆ ಅಂದೆ" ಎಂದ ಭಾವಮೈದುನ. ಕಪ್ಪು ಕನ್ನಡಕದ ಕೆಳಗೆ ಅವನ ತುಟಿಗಳು ನಗುತ್ತಲೇ ಇದ್ದವು.

"ನಗು, ನಗು. ಮೊದಲೇ ಬಂದಿದ್ರೆ ಏನಾದ್ರೂ ಔಷಧಿ ಕೊಟ್ಟು ನೋಡಬಹುದಿತ್ತು, ಈಗ ಎಷ್ಟು ತಾನಾಗಿ ಮಾಯತ್ತೋ ಅಷ್ಟೇ ಅಂದ್ರು. ಆವತ್ತೇ ಬಾಯಿ ಬಡ್ಕೊಂಡೆ ನಾನು." ದಾರ ಕಡಿದು ಅವಳು ಗಂಡನತ್ತ ತಿರುಗಿದಳು. "ನಿದ್ದೆ ಮಾಡಿದ್ರೆ ಸರಿಹೋಗತ್ತೆ ಅಂದಿದ್ದು ಯಾರು?"

"ಭಾವ ಏನು ಡಾಕ್ಟರಾ?" ಎಂದ ಭಾವಮೈದುನ. "ಅವರಿಗೇನು ಕನಸು ಬಿದ್ದಿತ್ತಾ? ಬಿಡಕ್ಕಾ."

ಅವಳು ಗೊಣಗುತ್ತ ಒಳಗೆ ಹೋದ ಮೇಲೆ ಭಾವಮೈದುನ ಕುರ್ಚಿ ಎಳೆದು ಹತ್ತಿರ ಬಂದ. ಕುರ್ಚಿಯ ಕಾಲು ಇವನ ಪಾದದ ಮೇಲೆ ಕೂತಿತು. ಅವನಿಗೆ ತಿಳಿಯಲಿಲ್ಲ, ಇವನು ಎಳೆದುಕೊಳ್ಳಲಿಲ್ಲ. ಭಾವಮೈದುನ ದನಿ ತಗ್ಗಿಸಿ ಹೇಳಿದ: ಎತ್ತರದ ಕೆಲಸ ಸದ್ಯಕ್ಕೆ ಬೇಡ ಅಂದಿದಾರೆ ಡಾಕ್ಟರು. ಒಂದು ಕಣ್ಣಲ್ಲಿ ದೂರ ಹತ್ತಿರ ಅಂದಾಜು ಸಿಗಲ್ಲವಂತೆ. ಅಕ್ಕ ಆಗ ಚೀಟಿ ಮಾಡಿಸೋಕೆ ಹೊರಗೆ ಹೋಗಿದ್ದಳು, ಕೇಳಿಸಿಕೊಂಡಿಲ್ಲ. "ನೀವೂ ಹೇಳ್ಬೇಡಿ ಭಾವ. ಆ ಅಂಚಿನ ಬಳ್ಳಿ ಒಂದು ಮುಗಿಸ್ತೀನಿ. ಅರ್ಧಕ್ಕೆ ಇಳಿದ್ರೆ ಮತ್ತೆ ಹತ್ತಿಸಲ್ಲ ನನ್ನ, ಬೇರೆಯವರನ್ನ ತರ್ತಾರೆ. ನಿಮ್ಮೊಬ್ಬರಿಗೆ ಗೊತ್ತಿದ್ರೆ ಸಾಕು." ಅವನು ಆಗಲಿ ಎಂದ. ಎಷ್ಟು ಬೇಗ ಎಂದನೆಂದರೆ, ಆಡಿದ ಮೇಲೆ ತನ್ನ ದನಿಯಲ್ಲಿ ಏನೋ ಹಗುರವಾದದ್ದು ಕೇಳಿಸಿ ತನಗೇ ಹೇಸಿಗೆಯಾಯಿತು. ಇನ್ನು ಮುಚ್ಚಿಡುವುದು ತನ್ನೊಬ್ಬನದಲ್ಲ, ಇಬ್ಬರದು. ಇಬ್ಬರೂ ಸೇರಿ ಒಂದೇ ಬಾಗಿಲಿಗೆ ಒಳಗಿನಿಂದ ಒತ್ತು ಕೊಟ್ಟು ನಿಂತಂತೆ. ಊಟಕ್ಕೆ ಕೂತಾಗ ಭಾವಮೈದುನ ಕೈತಪ್ಪಿ ನೀರಿನ ಲೋಟ ಉರುಳಿಸಿದ. ಹೆಂಡತಿ ನೋಡುವ ಮೊದಲೇ ಅವನು ತನ್ನ ಪಂಚೆಯ ಅಂಚಿನಿಂದ ನೆಲ ಒರೆಸಿಬಿಟ್ಟ. ಭಾವಮೈದುನ ಕೃತಜ್ಞತೆಯಿಂದ ಅವನ ಕಡೆ ನೋಡಿದ. ಆ ನೋಟವನ್ನು ಜೊತೆಗಿಟ್ಟುಕೊಂಡೇ ಮಲಗಿದ.

ಬೆಳಿಗ್ಗೆ ಬಂಗಲೆಗೆ ಮೊದಲು ಬಂದದ್ದು ಒಂದು ಸಣ್ಣ ಗುಂಪು, ಹೆಚ್ಚಿನವರು ವಯಸ್ಸಾದವರು, ನಿಧಾನವಾಗಿ ನಡೆಯುವವರು. ಅವನ ಕೈಗೆ ಹಿಡಿಯಲು ಏನೂ ಇರಲಿಲ್ಲ. ಬಿದಿರುಕೋಲು ಎಲ್ಲೋ ಮೂಲೆ ಸೇರಿತ್ತು. ಬೆರಳು ಚಾಚಿ, "ಅಲ್ಲಿ, ಎರಡನೇ ಕಮಾನಿನ ಮೇಲೆ, ಹಣ್ಣು ಕಚ್ಚಿರೋ ಗಿಳಿ ಇದೆ, ಅದರ ಎಡಕ್ಕೆ" ಎಂದು ತೋರಿಸತೊಡಗಿದ. ಕತ್ತುಗಳು ಒಂದೊಂದೂ ಒಂದೊಂದು ಕಡೆ ತಿರುಗಿದವು. ಊರುಗೋಲು ಹಿಡಿದ ಒಬ್ಬ ಹೆಂಗಸು, ಬಹಳ ನಯವಾಗಿ, "ಕಾಣ್ತಿಲ್ಲ ಸಾರ್. ಇದನ್ನೇ ನೋಡಬೇಕು ಅಂತ ಬಂದೆ, ಮತ್ತೆ ಬರೋದಾಗತ್ತೋ ಇಲ್ವೋ" ಎಂದಳು. ಅವನು ಮತ್ತೊಮ್ಮೆ ಹೇಳಿದ. ಎರಡನೇ ಕಮಾನು, ಎಲೆಗಳ ಗೊಂಚಲು, ಅದರ ಪಕ್ಕ. ಅವಳು ಕಂಡವಳಂತೆ ನಟಿಸಲಿಲ್ಲ. ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿ ಇಲ್ಲವೆಂದು ತಲೆಯಾಡಿಸಿದಳು.

"ನಾನು ತೋರಿಸ್ತೀನಿ ಇರಿ ಅಮ್ಮಾ" ಎಂದು ಅಟ್ಟಣೆಯ ಮೇಲಿನಿಂದ ಭಾವಮೈದುನನ ದನಿ ಬಂತು. ಅವನು ಮೊಣಕಾಲೂರಿ ಹೊರಕ್ಕೆ ಬಾಗಿದ್ದ, ಕುಂಚವನ್ನು ತಿರುಗುಮುರುಗಾಗಿ ಹಿಡಿದು ಹಿಡಿಯ ತುದಿಯನ್ನು ಗಿಳಿಯ ಕಡೆಗೆ ಚಾಚುತ್ತಿದ್ದ. ಛಾವಣಿಯನ್ನು ಮುಟ್ಟದೆ, ಒಂದು ಗೇಣು ದೂರದಲ್ಲಿ ತಡೆದು ತೋರಿಸುವುದು ಅವನ ಅಭ್ಯಾಸ. ಮುಟ್ಟಬಾರದೆಂಬುದು ಅವನ ಕೆಲಸದ ಮೊದಲ ಪಾಠ. ಕೆಳಗಿನಿಂದ ಎಲ್ಲವೂ ಕಾಣುತ್ತಿತ್ತು. ಹಿಡಿ ಮುಂದೆ ಹೋಯಿತು, ಗೇಣು ಮುಗಿಯಿತು, ಇನ್ನೂ ಮುಂದೆ ಹೋಯಿತು. ಕೂಗಬೇಕೆಂದು ಅವನು ಬಾಯಿ ತೆರೆದ. ಕುಂಚದ ಹಿಡಿ ಗಿಳಿಯ ಎದೆಗೆ ಟಪ್ಪೆಂದು ತಾಗಿತು. ಅಷ್ಟೇನೂ ಜೋರಾಗಿ ಅಲ್ಲ. ಎರಡು ಬೆರಳಗಲದ ಹಸಿರು ಚಕ್ಕೆಯೊಂದು ಎದ್ದು, ಗಾಳಿಯಲ್ಲಿ ತಿರುತಿರುಗುತ್ತ, ಯಾವ ಅವಸರವೂ ಇಲ್ಲದೆ ಇಳಿದು ಬಂದು ಊರುಗೋಲಿನ ಹೆಂಗಸಿನ ಭುಜದ ಮೇಲೆ ಕೂತಿತು. ಅವಳು ಅದನ್ನು ಅಂಗೈಗೆ ತೆಗೆದುಕೊಂಡಳು. ಮೇಲೆ ಗಿಳಿಯ ಎದೆಯಲ್ಲಿ ಬೆಳ್ಳಗೆ ಗಾರೆ ಕಾಣುತ್ತಿತ್ತು. ಭಾವಮೈದುನ ಕುಂಚವನ್ನು ಚಾಚಿಕೊಂಡೇ ಇದ್ದ. "ಕಂಡ್ತಾ ಅಮ್ಮಾ?" ಎಂದ.

"ಇಳಿದು ಬಾ" ಎಂದ ಅವನು.

"ಯಾಕೆ ಭಾವ?"

"ಬಾ. ನಿಧಾನ."

ಏಣಿಯ ಎರಡು ಕಾಲನ್ನೂ ಹಿಡಿದು ನಿಂತ. ಭಾವಮೈದುನ ಪ್ರತಿ ಮೆಟ್ಟಿಲನ್ನೂ ಪಾದದಿಂದ ತಡಕಿ ಇಳಿಯುತ್ತಿದ್ದ. ಒಂದೊಂದು ತಡಕಾಟವೂ ಏಣಿಯ ಮೂಲಕ ಇವನ ಅಂಗೈಗೆ ಬರುತ್ತಿತ್ತು. ಜನರನ್ನು ಮುಂದಿನ ಕೋಣೆಗೆ ಕಳಿಸಬೇಕೆಂದು ಒಂದು ಸಲ ಅನ್ನಿಸಿತು. ಕಳಿಸಿದರೆ ಹೇಳಲಾರೆನೆಂದೂ ಅನ್ನಿಸಿತು. ನೆಲಕ್ಕೆ ಇಳಿದ ಭಾವಮೈದುನ ತಲೆಯೆತ್ತಿ, ಈಗ ಗಿಳಿಯ ಎದೆಯ ಬಿಳುಪನ್ನು ನೋಡಿದ. "ತಾಗ್ತಾ? ಇನ್ನೂ ದೂರ ಇದೆ ಅನ್ಕೊಂಡೆ ಭಾವ. ನಿಜವಾಗ್ಲೂ ಇನ್ನೂ ದೂರ ಇದೆ ಅನ್ಕೊಂಡೆ."

"ನಿನ್ನ ಕಣ್ಣು ಸುಟ್ಟಿದ್ದು ನನ್ನ ಲೇಸರು" ಎಂದ. ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದ ಮಾತು ಇಷ್ಟು ಚಿಕ್ಕದಿತ್ತೇ ಎನ್ನಿಸಿತು. "ನವಿಲು ತೋರಿಸಿದ ದಿನ. ಕನ್ನಡಿಗೆ ಬಡಿದು ನಿನ್ನ ಕಣ್ಣಿಗೆ ಬಂತು. ಆವತ್ತು ನಾನು ಕೂಗಲಿಲ್ಲ."

ಭಾವಮೈದುನ ಕುಂಚದ ಕೂದಲನ್ನು ಬೆರಳಲ್ಲಿ ಹಿಂಡಿ ನೇರ ಮಾಡುತ್ತ ನಿಂತ. "ಅದು ಐದರದ್ದು ಅಂದಿದ್ರಲ್ಲ" ಎಂದ.

"ತೊಂಬತ್ತು. ನಿನ್ನೆ ಮಾರೋಕೆ ಹೋದಾಗ ಅಳೆದು ತೋರಿಸಿದ್ರು."

"ಹಾಗಾದ್ರೆ ನಿಮಗೆ ಗೊತ್ತಾಗಿದ್ದು ನಿನ್ನೆ."

ಅದು ಪ್ರಶ್ನೆಯಲ್ಲ. ಭಾವಮೈದುನನ ಮುಖದಲ್ಲಿ ಒಂದು ಬೇಡಿಕೆಯಿತ್ತು, ಹೌದು ಎಂದುಬಿಡಿ ಎನ್ನುವಂಥದ್ದು. ಎಂದರೆ ಆಯಿತು. ಚೀಟಿ ಅಂಟಿಸಿದವರ ತಪ್ಪು. ಇಬ್ಬರೂ ಸೇರಿ ಯಾರೋ ಕಾಣದವರನ್ನು ಬೈದು, ಸಂಜೆ ಮನೆಗೆ ಹೋಗಿ ಹೆಂಡತಿಯ ಮುಂದೆ ಇನ್ನೊಮ್ಮೆ ಬೈದು, ಊಟ ಮಾಡಬಹುದು. ಅವನು ಏಣಿಯನ್ನು ಬಿಟ್ಟಿರಲಿಲ್ಲ.

"ಎಷ್ಟರದ್ದು ಅಂತ ನಿನ್ನೆ ಗೊತ್ತಾಯ್ತು" ಎಂದ. "ನಿನ್ನ ಕಣ್ಣಿಗೆ ಬಿದ್ದಿದ್ದು ಆವತ್ತೇ ಗೊತ್ತಿತ್ತು. ನೀನು ಅಮ್ಮಾ ಅಂದಿದ್ದು ಕೇಳಿಸ್ತು. ನಿದ್ದೆ ಮಾಡು ಅಂದಾಗ್ಲೂ ಗೊತ್ತಿತ್ತು."

ಭಾವಮೈದುನ ಮುಖವನ್ನು ಸ್ವಲ್ಪ ಓರೆ ಮಾಡಿ, ಬಲಗಣ್ಣನ್ನು ಮುಂದೆ ತಂದು ಅವನನ್ನು ನೋಡಿದ. ಹೊಡೆಯಬಹುದೆಂದು ಅವನು ಕಾದ. ಹೊಡೆಯಲಿಲ್ಲ, ಕೂಗಾಡಲಿಲ್ಲ. ಕುಂಚವನ್ನು ಏಣಿಯ ಮೆಟ್ಟಿಲ ಮೇಲೆ ಅಡ್ಡಲಾಗಿ ಇಟ್ಟ. "ಅಕ್ಕಂಗೆ ನಾನು ಹೇಳಲ್ಲ" ಎಂದ. "ನೀವೇ ಹೇಳ್ಬೇಕು. ಹೇಳೋವರೆಗೂ ನಾನು ಆ ಮನೆಗೆ ಬರಲ್ಲ." ಭಾವ ಎನ್ನಲಿಲ್ಲ. ಹೆಗಲ ಮೇಲಿನ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ, ನಿಂತವರ ನಡುವೆ ದಾರಿ ಮಾಡಿಕೊಂಡು ಹೊರಟ. ಬಾಗಿಲ ಹತ್ತಿರ ನಿಂತು, ಹೊರಗಿನ ಮೆಟ್ಟಿಲು ಎಲ್ಲಿದೆಯೆಂದು ಪಾದದಿಂದ ಹುಡುಕಿ, ಇಳಿದು ಹೋದ.

ಗುಂಪು ಹಾಗೇ ನಿಂತಿತ್ತು. ಊರುಗೋಲಿನ ಹೆಂಗಸು ಎರಡು ಹೆಜ್ಜೆ ಮುಂದೆ ಬಂದು, ಉಸಿರು ತಾಗಿ ಹಾರಿಹೋದೀತೆಂಬಂತೆ ಇನ್ನೊಂದು ಕೈ ಮರೆಮಾಡಿಕೊಂಡು ಅಂಗೈ ಚಾಚಿದಳು. "ಇದನ್ನ ಯಾರಿಗೆ ಕೊಡ್ಲಿ?" ಎಂದು ಕೇಳಿದಳು.

"ನನಗೆ ಕೊಡಿ" ಎಂದು ಅವನು ಏಣಿಯನ್ನು ಬಿಟ್ಟು ಕೈ ಒಡ್ಡಿದ.